ಚೀಲದ ಮೂರನೆಯ ಅಂಕಿ



ಪೇಟೆಯಿಂದ ಗೊಬ್ಬರ ತರುವವರು ಯಾರು? ಹೆಚ್ಚಾಗಿ ಮನೆಯ ಗಂಡಸರು. ಅದನ್ನು ಸಾಲಿಗೆ ಹಾಕುವವರು ಯಾರು? ಹೆಚ್ಚಾಗಿ ನಾವು. ಆ ಚೀಲದ ಮೇಲೆ ಏನು ಬರೆದಿದೆ? ಈಗ ನಮಗೆ ಅಕ್ಷರ ಬರುತ್ತದೆ, ಅಂಕಿ ಬರುತ್ತದೆ. ಓದೋಣ ಬನ್ನಿ.

ಮೂರು ಅಂಕಿ

ಚೀಲದ ಮೇಲೆ ಮೂರು ಅಂಕಿ ಸಾಲಾಗಿ ಇರುತ್ತವೆ. ಒಂದು ಚೀಲದ ಮೇಲೆ 10:26:26 ಅಂತ ಇರುತ್ತದೆ. ಇನ್ನೊಂದರ ಮೇಲೆ 19:19:19 ಅಂತ ಇರುತ್ತದೆ. ಮೊದಲನೆಯದು ಸಾರಜನಕ. ಅದು ಎಲೆ ಬೆಳೆಸುತ್ತದೆ. ಎರಡನೆಯದು ರಂಜಕ. ಅದು ಬೇರು ಬೆಳೆಸುತ್ತದೆ. ಮೂರನೆಯದು ಪೊಟ್ಯಾಷ್. ನೂರು ಕೆಜಿ ಗೊಬ್ಬರದಲ್ಲಿ ಯಾವುದು ಎಷ್ಟು ಕೆಜಿ ಇದೆ ಅಂತ ಈ ಅಂಕಿಗಳು ಹೇಳುತ್ತವೆ.

ಡಿಎಪಿ ಚೀಲ ನೋಡಿ. 18:46:0. ಮೂರನೆಯದು ಸೊನ್ನೆ! ಯೂರಿಯಾ ಚೀಲ ನೋಡಿ. ಅದರಲ್ಲಿ ನೂರಕ್ಕೆ 46 ಪಾಲು ಸಾರಜನಕ. ರಂಜಕ ಇಲ್ಲ, ಪೊಟ್ಯಾಷ್ ಇಲ್ಲ. ಬರೀ ಡಿಎಪಿ, ಯೂರಿಯಾ ಹಾಕಿದರೆ ಆ ಗೊಬ್ಬರದಿಂದ ಹೊಲಕ್ಕೆ ಒಂದು ಹಿಡಿ ಪೊಟ್ಯಾಷೂ ಸಿಗುವುದಿಲ್ಲ. ದುಡ್ಡು ಖರ್ಚಾಗುತ್ತದೆ. ಬೆಳೆಗೆ ಮಾತ್ರ ಅರೆಹೊಟ್ಟೆ.

ಪೊಟ್ಯಾಷ್ ಯಾಕೆ ಬೇಕು?

ಎಲೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿವೆ. ಗಿಡದ ನೀರು ಆವಿಯಾಗುವುದು ಅಲ್ಲಿಂದಲೇ. ಆ ಬಾಯಿ ತೆರೆಯಲು, ಮುಚ್ಚಲು ಪೊಟ್ಯಾಷ್ ಬೇಕು. ಮಳೆ ಕೈಕೊಟ್ಟಾಗ, ಪೊಟ್ಯಾಷ್ ಸಿಕ್ಕಿದ ಗಿಡ ನೀರು ಹಿಡಿದುಕೊಂಡು ತಾಳುತ್ತದೆ. ಎಲೆಯಲ್ಲಿ ಆದ ಆಹಾರವನ್ನು ಕಾಳಿಗೆ, ಗಡ್ಡೆಗೆ ಸಾಗಿಸಲೂ ಪೊಟ್ಯಾಷೇ ಬೇಕು. ರಾಗಿಯ ದಂಟು ಗಟ್ಟಿಯಾಗುತ್ತದೆ. ಈರುಳ್ಳಿ ಹೆಚ್ಚು ದಿನ ಕೆಡದೆ ಉಳಿಯುತ್ತದೆ.

ಕಡಿಮೆಯಾದರೆ ಗೊತ್ತಾಗುವುದು ಹೇಗೆ? ಕೆಳಗಿನ ಹಳೆಯ ಎಲೆ ನೋಡಿ. ಮೊದಲು ತುದಿ ಮತ್ತು ಅಂಚು ಹಳದಿಯಾಗುತ್ತದೆ. ಆಮೇಲೆ ಸುಟ್ಟ ಹಾಗೆ ಕಂದಾಗುತ್ತದೆ. ನಡುಭಾಗ ಹಸಿರಾಗೇ ಇರುತ್ತದೆ. ಹಳೆಯ ಎಲೆಯೇ ಯಾಕೆ? ಗಿಡವು ಹಳೆಯ ಎಲೆಯ ಪೊಟ್ಯಾಷನ್ನು ತೆಗೆದು ಎಳೆಯ ಎಲೆಗೆ ಕೊಡುತ್ತದೆ. ತಾಯಿ ತಾನು ಹಸಿದು ಮಗುವಿಗೆ ಉಣಿಸಿದ ಹಾಗೆ.

ಹೊಲದ ಪೊಟ್ಯಾಷ್ ಎಲ್ಲಿಗೆ ಹೋಗುತ್ತದೆ?

ನಮ್ಮ ಬುಕ್ಕಾಂಬುಧಿ, ಅಜ್ಜಂಪುರದ ಕಡೆ ಕೆಂಪು ಮಣ್ಣೂ ಇದೆ, ಕಪ್ಪು ಮಣ್ಣೂ ಇದೆ. ಮರಳು ಹೆಚ್ಚಿರುವ ಕೆಂಪು ಮಣ್ಣಿನಲ್ಲಿ ಜೋರು ಮಳೆಗೆ ಪೊಟ್ಯಾಷ್ ತೊಳೆದು ಹೋಗುತ್ತದೆ. ಕಪ್ಪು ಮಣ್ಣಿನಲ್ಲಿ ಪೊಟ್ಯಾಷ್ ಜಾಸ್ತಿ. ಆದರೆ ಬಹುಪಾಲು ಮಣ್ಣಿನ ಪದರದೊಳಗೆ ಸಿಕ್ಕಿಕೊಂಡಿರುತ್ತದೆ. ಬೆಳೆಗೆ ನಿಧಾನವಾಗಿ ಸಿಗುತ್ತದೆ.

ಬೆಳೆಯ ಜೊತೆಯೂ ಪೊಟ್ಯಾಷ್ ಹೊಲ ಬಿಟ್ಟು ಹೋಗುತ್ತದೆ. ಬೆಳಗಾವಿ, ಧಾರವಾಡ, ಬೀದರ್ ಕಡೆ ಸೋಯಾ ಅವರೆ ಬೆಳೆಯುತ್ತಾರೆ. ಅದರ ಲೆಕ್ಕ ನೋಡೋಣ. ಒಂದು ಕ್ವಿಂಟಾಲ್ ಸೋಯಾ ಕಾಳಿನ ಜೊತೆ ಸುಮಾರು 2 ಕೆಜಿ ಪೊಟ್ಯಾಷ್ ಹೋಗುತ್ತದೆ. ಎಕರೆಗೆ 8 ಕ್ವಿಂಟಾಲ್ ಬೆಳೆದರೆ 16 ಕೆಜಿ. ಆ ಬೆಳೆಗೆ ಹಾಕಿ ಅಂತ ಹೇಳುವುದು ಎಕರೆಗೆ ಸುಮಾರು 10 ಕೆಜಿ. ಉಳಿದ 6 ಕೆಜಿ ನೆಲದ ಗಂಟಿನಿಂದಲೇ ಹೋಯಿತು. ಹೊಟ್ಟನ್ನೂ ಹೊಲದಿಂದ ಹೊತ್ತು ತಂದರೆ ಇನ್ನಷ್ಟು ಹೋಯಿತು. ಸೋಯಾ, ತೊಗರಿ, ಅವರೆ ಇವು ಗಾಳಿಯಿಂದ ಸಾರಜನಕ ಹಿಡಿಯುತ್ತವೆ. ಪೊಟ್ಯಾಷ್ ಗಾಳಿಯಲ್ಲಿ ಇಲ್ಲ. ನಾವೇ ತಿರುಗಿ ಕೊಡಬೇಕು.

ರಾಗಿಯಲ್ಲಿ ಕಾಳಿಗಿಂತ ಹುಲ್ಲಿನಲ್ಲೇ ಪೊಟ್ಯಾಷ್ ಹೆಚ್ಚು. ಹುಲ್ಲನ್ನು ದನ ತಿಂದಿತು. ಹಾಗಾದರೆ ಪೊಟ್ಯಾಷ್ ಎಲ್ಲಿ ಬಂತು? ನಮ್ಮ ಕೊಟ್ಟಿಗೆಗೆ ಬಂತು!

ಮನೆಯಲ್ಲೇ ಇರುವ ಪೊಟ್ಯಾಷ್

ದನ ತಿಂದ ಪೊಟ್ಯಾಷಿನಲ್ಲಿ ಹೆಚ್ಚಿನ ಪಾಲು ಸಗಣಿಯಲ್ಲಿ ಇರುವುದಿಲ್ಲ, ಗಂಜಲದಲ್ಲಿ ಇರುತ್ತದೆ. ಗಂಜಲ ಚರಂಡಿಗೆ ಹರಿದರೆ ದುಡ್ಡೇ ಹರಿದ ಹಾಗೆ. ಕೊಟ್ಟಿಗೆಯಲ್ಲಿ ಒಣ ಸೊಪ್ಪು, ತಿಂದು ಬಿಟ್ಟ ಹುಲ್ಲು ಹಾಸಿ. ಅದು ಗಂಜಲ ಹೀರುತ್ತದೆ. ಬೆಳಗ್ಗೆ ತಿಪ್ಪೆಗೆ ಹಾಕಿ. ತಿಪ್ಪೆಯ ಮೇಲೆ ಮಳೆ ಸುರಿಯದ ಹಾಗೆ ಮುಚ್ಚಿ.

ಒಲೆಯ ಬೂದಿಯಲ್ಲೂ ಪೊಟ್ಯಾಷ್ ಇದೆ. ಪೊಟ್ಯಾಷ್ ಎಂಬ ಇಂಗ್ಲಿಷ್ ಹೆಸರು ಹುಟ್ಟಿದ್ದೇ ಬೂದಿಯಿಂದ. ಪಾಟ್ ಅಂದರೆ ಮಡಕೆ, ಆಶ್ ಅಂದರೆ ಬೂದಿ. ಹಿಂದೆ ಸೌದೆಯ ಬೂದಿಯನ್ನು ನೀರಿನಲ್ಲಿ ಕದಡಿ, ಆ ತಿಳಿಯನ್ನು ಮಡಕೆಯಲ್ಲಿ ಕಾಯಿಸಿ ಪೊಟ್ಯಾಷ್ ತೆಗೆಯುತ್ತಿದ್ದರು.

ಬೂದಿ ವಿಷಯದಲ್ಲಿ ನಾಲ್ಕು ಮಾತು:

1. ಬೂದಿಯನ್ನು ಮಳೆಗೆ ಬಿಡಬೇಡಿ. ಪೊಟ್ಯಾಷ್ ನೀರಿನಲ್ಲಿ ಕರಗಿ ಹೋಗುತ್ತದೆ.
2. ಯೂರಿಯಾ ಜೊತೆ, ಹಸಿ ಸಗಣಿ ಜೊತೆ ಬೆರೆಸಬೇಡಿ. ಸಾರಜನಕ ಗಾಳಿಗೆ ಹೋಗುತ್ತದೆ.
3. ಹುಳಿ ಇರುವ ಕೆಂಪು ಮಣ್ಣಿಗೆ ಬೂದಿ ಒಳ್ಳೆಯದು. ಕ್ಷಾರ ಇರುವ ಕಪ್ಪು ಮಣ್ಣಿಗೆ ಹೆಚ್ಚು ಬೇಡ.
4. ಪ್ಲಾಸ್ಟಿಕ್ ಸುಟ್ಟ ಬೂದಿ ಬೇಡವೇ ಬೇಡ.

ಕೊಂಡು ತರುವಾಗ

ಅಂಗಡಿಯಲ್ಲಿ ಸಿಗುವ ಪೊಟ್ಯಾಷ್ ಗೊಬ್ಬರದ ಹೆಸರು ಮ್ಯೂರಿಯೇಟ್ ಆಫ್ ಪೊಟ್ಯಾಷ್. ಇದರಲ್ಲಿ ನೂರಕ್ಕೆ 60 ಪಾಲು ಪೊಟ್ಯಾಷ್. 50 ಕೆಜಿ ಚೀಲದಲ್ಲಿ 30 ಕೆಜಿ ಆಯಿತು. 10 ಕೆಜಿ ಪೊಟ್ಯಾಷ್ ಬೇಕಾದರೆ ಸುಮಾರು 17 ಕೆಜಿ ಗೊಬ್ಬರ ಸಾಕು. ಬಿತ್ತುವಾಗಲೇ ಹಾಕಬೇಕು. ಬೀಜಕ್ಕೆ ತಾಗಬಾರದು. ಬೀಜದಿಂದ ಎರಡು ಬೆರಳು ಪಕ್ಕಕ್ಕೆ ಇರಲಿ.

ಈ ಗೊಬ್ಬರ ಕೆನಡಾ, ರಷ್ಯಾ, ಜೋರ್ಡಾನ್, ಇಸ್ರೇಲ್ ದೇಶಗಳಿಂದ ಹಡಗಿನಲ್ಲಿ ಬರುತ್ತದೆ. 1992ರಲ್ಲಿ ಸರ್ಕಾರ ಇದರ ಬೆಲೆಯ ಹತೋಟಿ ತೆಗೆಯಿತು. ಯೂರಿಯಾ ಬೆಲೆಯ ಹತೋಟಿ ಉಳಿಯಿತು. ಪೊಟ್ಯಾಷ್ ದುಬಾರಿ, ಯೂರಿಯಾ ಅಗ್ಗ ಆಯಿತು. 2022ರಲ್ಲಿ ಪೊಟ್ಯಾಷ್ ಚೀಲದ ಬೆಲೆ 1,700 ರೂಪಾಯಿವರೆಗೂ ಏರಿತ್ತು. ಅಗ್ಗ ಅಂತ ಯೂರಿಯಾ ಸುರಿದರೆ ಬೆಳೆ ಕಪ್ಪು ಹಸಿರಾಗಿ ಎತ್ತರ ಬೆಳೆದು ಬೀಳುತ್ತದೆ. ದುಬಾರಿ ಪೊಟ್ಯಾಷನ್ನು ಬೇಡದ ಹೊಲಕ್ಕೆ ಹಾಕಿದರೂ ನಷ್ಟವೇ.

ಮೊದಲು ಮಣ್ಣು ಪರೀಕ್ಷೆ

ಹೊಲದ ಎಂಟು ಹತ್ತು ಕಡೆ ಅರ್ಧ ಅಡಿ ಆಳದವರೆಗಿನ ಮಣ್ಣು ತೆಗೆಯಿರಿ. ಬದು, ಮರದ ಬುಡ, ತಿಪ್ಪೆಯ ಹತ್ತಿರ ಬೇಡ. ಎಲ್ಲ ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ಚೀಲಕ್ಕೆ ಹಾಕಿ. ಹೆಸರು, ಊರು, ಸರ್ವೆ ನಂಬರ್ ನಾವೇ ಬರೆಯೋಣ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸೋಣ. ಪರೀಕ್ಷೆಯಾದ ಮೇಲೆ ಬರುವ ಚೀಟಿಯಲ್ಲಿ ಪೊಟ್ಯಾಷ್ ಕಡಿಮೆಯೋ, ಮಧ್ಯಮವೋ, ಹೆಚ್ಚೋ ಅಂತ ಇರುತ್ತದೆ. ಅದನ್ನು ಓದಿ, ಮನೆಯವರಿಗೂ ಓದಿ ಹೇಳಿ, ಆಮೇಲೆ ಗೊಬ್ಬರ ತರಿಸೋಣ.

ಕೂತು ಮಾತಾಡೋಣ

1. 10:26:26 ಗೊಬ್ಬರದ 50 ಕೆಜಿ ಚೀಲದಲ್ಲಿ ಪೊಟ್ಯಾಷ್ ಎಷ್ಟು ಕೆಜಿ?
2. ನಿಮ್ಮ ಮನೆಯಲ್ಲಿರುವ ಗೊಬ್ಬರದ ಚೀಲದ ಮೂರನೆಯ ಅಂಕಿ ಯಾವುದು?
3. ನಿಮ್ಮ ಕೊಟ್ಟಿಗೆಯ ಗಂಜಲ ಎಲ್ಲಿಗೆ ಹೋಗುತ್ತಿದೆ?