ನೆನೆದವರಿಗೆ ಮೊದಲು ಒಣಬಟ್ಟೆ, ಆಮೇಲೆ ಬೆಂಕಿ

ಪೋತ್ತನೂರಿನಲ್ಲಿ ಬೆಳೆದ ನಮಗೆ ನಿಜವಾದ ಚಳಿಯ ಪರಿಚಯವಾಗುವುದು ನೀಲಗಿರಿಯ ಶಿಬಿರಗಳಲ್ಲಿಯೇ. ಉದಕಮಂಡಲವು ನಮ್ಮೂರಿಗಿಂತ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದರೆ ಉಷ್ಣತೆ ಆರು ಡಿಗ್ರಿಯಷ್ಟು ಇಳಿಯುವುದುಂಟು. ಡಿಸೆಂಬರಿನಲ್ಲಿ ಇದರ ಜೊತೆಗೆ ಹಿಂಗಾರು ಮಳೆಯೂ ಸೇರಬಹುದು. ಬರಿಯ ಚಳಿಗಿಂತ ಒದ್ದೆಯೇ ಅಪಾಯಕಾರಿ.

ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮಿಗಿಲಾಗಿ ಮೈಯ ಶಾಖವನ್ನು ಸೆಳೆಯುತ್ತದೆ. ಆದುದರಿಂದ ನೆನೆದು ಬಂದ ಮಕ್ಕಳು ಬೆಂಕಿಯ ಸುತ್ತ ಕೂರುವ ಮುನ್ನ ಒದ್ದೆ ಬಟ್ಟೆಯನ್ನು ಕಳಚಿ, ತಲೆ ಮೈ ಒರೆಸಿಕೊಳ್ಳಬೇಕು. ನಮ್ಮ ನೆರೆಯ ತಿರುಪ್ಪೂರಿನ ಹತ್ತಿ ಬನಿಯನ್ ಬೇಸಗೆಗೆ ಅಮೃತಪ್ರಾಯ. ನೆನೆದರೆ ಅದೇ ಎದೆಗಂಟಿದ ತಣ್ಣೀರುಪಟ್ಟಿ. ಉಣ್ಣೆಯ ಕಂಬಳಿಯಾದರೋ ನೆನೆದರೂ ಒಂದಿಷ್ಟು ಬಿಸುಪನ್ನು ಉಳಿಸಿಕೊಳ್ಳುತ್ತದೆ. ಹೊದೆಯುವಷ್ಟೇ ಹಾಸುವುದೂ ಮುಖ್ಯ. ಒಣಹುಲ್ಲೋ ಗೋಣಿಯೋ ಕೆಳಗಿಲ್ಲದಿದ್ದರೆ ನೆಲವೇ ಶಾಖವನ್ನು ಹೀರುತ್ತದೆ.

ಬೆಲ್ಲ ಹಾಕಿದ ಬಿಸಿ ಸುಕ್ಕುಕಾಫಿ ಎಚ್ಚರವಾಗಿರುವವರಿಗೆ ಒಳ್ಳೆಯದು. ಮದ್ಯವು ಮೈ ಬೆಚ್ಚಗಾದಂತೆ ತೋರಿಸಿ ಒಳಗಿನ ಶಾಖವನ್ನು ಹೊರಹಾಕುತ್ತದೆ. ಹಿರಿಯರೂ ಇದನ್ನು ಗಮನಿಸಲಿ.

ನಡುಗುತ್ತಿರುವ ಹುಡುಗನಿಗಿಂತ, ನಡುಕ ನಿಂತು ಮಾತು ತೊದಲುವ ಹುಡುಗನನ್ನು ಕಂಡರೆ ನನಗೆ ಹೆಚ್ಚು ಭಯ. ಅವನ ದೇಹದ ಉಷ್ಣತೆ 35 ಡಿಗ್ರಿಗಿಂತ ಬಹಳ ಕೆಳಗಿಳಿದಿರಬಹುದು. ಅವನನ್ನು ನಡೆಸಬಾರದು, ಕೈಕಾಲು ಉಜ್ಜಬಾರದು. ಒಣ ಕಂಬಳಿಯಲ್ಲಿ ಸುತ್ತಿ ಮಲಗಿಸಿ, ಒಬ್ಬರು ಒತ್ತಿಕೊಂಡಿದ್ದು, ಬೇಗನೆ ಆಸ್ಪತ್ರೆಗೆ ಸಾಗಿಸಬೇಕು.

ಕೆಂಡದ ಬಾಣಲೆಯನ್ನು ಮಾತ್ರ ಮುಚ್ಚಿದ ಡೇರೆಯೊಳಗೆ ಎಂದಿಗೂ ಇಡಕೂಡದು. ಅದರಿಂದೇಳುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಮಲಗಿದವರನ್ನು ಅದು ಎಚ್ಚರಿಸುವುದಿಲ್ಲ.