ಫ್ಲೆಚ್ ನಿಂತ ಜಾಗ

1980ರ ಲಂಡನ್. ಪೂರ್ವ ಭಾಗದ ಕ್ಯಾನಿಂಗ್ ಟೌನಿನಲ್ಲಿ ಬ್ರಿಡ್ಜ್ ಹೌಸ್ ಎಂಬ ಪಬ್ಬು. ಬಿಯರ್ ಕ್ರೇಟುಗಳ ಮೇಲೆ ಮೂರು ಪುಟ್ಟ ಸಿಂಥಸೈಜರ್‌ಗಳು ಈಗ ಬಿದ್ದಾವು, ಆಗ ಬಿದ್ದಾವು ಎನ್ನುವಂತೆ ಕೂತಿವೆ. ಹಾಡುವ ಹುಡುಗ ಡೇವ್ ಗಾನ್ ಕದಲದೆ ನಿಂತಿದ್ದಾನೆ. ಕೆಳಗಿಟ್ಟ ದೀಪದ ಪೆಟ್ಟಿಗೆ ಅವನ ಮುಖಕ್ಕಷ್ಟೇ ಬೆಳಕು ಚೆಲ್ಲುತ್ತಿದೆ. ಹಿಂದಿನ ಮೂವರಲ್ಲಿ ಉದ್ದನೆಯವನು ಆ್ಯಂಡಿ ಫ್ಲೆಚರ್. ಹತ್ತೊಂಬತ್ತು ವಯಸ್ಸು, ಬ್ಯಾಸಿಲ್ಡನ್ ಊರಿನವನು, ಗೆಳೆಯರ ಬಾಯಲ್ಲಿ ಫ್ಲೆಚ್. ಹಗಲೆಲ್ಲ ವಿಮಾ ಕಚೇರಿಯ ಕೆಲಸ.

ಅವನ ಮುಂದಿದ್ದದ್ದು ಮೂಗ್ ಪ್ರಾಡಿಜಿ. ಎರಡು ಕೀಲಿ ಒಟ್ಟಿಗೆ ಒತ್ತಿದರೂ ಅದು ನುಡಿಯುವುದು ಒಂದೇ ಸ್ವರ. ಹಾಗಾಗಿ ಮೂವರ ಬೆರಳೂ ಸೇರಿದರಷ್ಟೇ ಹಾಡು. ಅದನ್ನು ಕೇಳಿ ಮರುಳಾದ ಡೇನಿಯಲ್ ಮಿಲ್ಲರ್ ತನ್ನ ಮ್ಯೂಟ್ ಧ್ವನಿಮುದ್ರಣ ಸಂಸ್ಥೆಗೆ ಅವರನ್ನು ಕರೆದುಕೊಂಡ. ಕಾಗದ ಪತ್ರವಿಲ್ಲ, ಕೈ ಕುಲುಕಿದ್ದೇ ಕರಾರು. ಹಾಗೆ ಬೆಳೆಯಿತು ಡಿಪೆಷ್ ಮೋಡ್ ಎಂಬ ತಂಡ.

1981ರಲ್ಲಿ ಹಾಡು ಬರೆಯುತ್ತಿದ್ದ ವಿನ್ಸ್ ಕ್ಲಾರ್ಕ್ ಬಿಟ್ಟುಹೋದ. ಆ ಹೊಣೆ ಮೂವರಲ್ಲಿ ಇನ್ನೊಬ್ಬನಾದ ಮಾರ್ಟಿನ್ ಗೋರ್ ಹೆಗಲಿಗೆ ಬಿತ್ತು. ನುರಿತ ವಾದಕ ಅಲನ್ ವೈಲ್ಡರ್ ಬಂದ. ಮತ್ತೆ ಫ್ಲೆಚ್? ತಂಡದ ಕುರಿತ ‘101’ ಚಿತ್ರದಲ್ಲಿ ಉಳಿದ ಮೂವರ ಕೆಲಸವನ್ನು ಹೇಳಿ, ತಾನು ಸುಮ್ಮನೆ ಅಡ್ಡಾಡಿಕೊಂಡಿರುತ್ತೇನೆ ಎಂದುಬಿಟ್ಟ. ಟೀಕಾಕಾರರು ಆ ಮಾತನ್ನೇ ಹಿಡಿದುಕೊಂಡರು. 1988ರ ಜೂನ್ 18ರಂದು ಪ್ಯಾಸಡೀನಾದ ರೋಸ್ ಬೌಲ್‌ನಲ್ಲಿ 60,000ಕ್ಕೂ ಹೆಚ್ಚು ಜನರ ಮುಂದೆ ಅವನ ಬೆರಳಿಗೆ ಕೆಲಸ ಕಡಿಮೆಯೇ ಇತ್ತು, ನಿಜ. ಆದರೆ ಲೆಕ್ಕಪತ್ರ, ವ್ಯವಹಾರದ ಮಾತು, ಮುನಿಸಿಕೊಂಡವರ ನಡುವಿನ ಓಡಾಟ ಯಾರ ಪಾಲಿಗಿತ್ತು? ಮಾತು ಕಡಿಮೆಯ ಗೋರ್, ಕೆರಳುವ ಗಾನ್. ಇವರಿಬ್ಬರನ್ನು ನಾಲ್ಕು ದಶಕ ಒಂದೇ ವೇದಿಕೆಯಲ್ಲಿ ಉಳಿಸಿದ್ದು ಕೀಲಿಮಣೆಯ ಕೈಚಳಕವಲ್ಲ. ಆ ಭಾರ ಅವನನ್ನೂ ಹಣ್ಣು ಮಾಡಿತು; 1994ರಲ್ಲಿ ಮನಸ್ಸು ಕುಸಿದು ಪ್ರವಾಸದ ನಡುವೆಯೇ ಮನೆಗೆ ಮರಳಿದ. ಚೇತರಿಸಿಕೊಂಡು ಮತ್ತೆ ಬಂದ. ಮರುವರ್ಷ ವೈಲ್ಡರ್ ಹೊರಟುಹೋದ, ಫ್ಲೆಚ್ ಉಳಿದ. ವಾದ್ಯವೃಂದದಲ್ಲಿ ಹೀಗೆ ಎಲ್ಲರನ್ನೂ ಕೂಡಿಸಿಡುವುದನ್ನೂ ಕಸುಬು ಎಂದೇ ಕರೆಯಬೇಕು ಎನ್ನುವವನು ನಾನು.

2022ರ ಮೇ 26ರಂದು, ಅರವತ್ತರ ವಯಸ್ಸಿನಲ್ಲಿ, ಮಹಾಪಧಮನಿ ಸೀಳಿ ಫ್ಲೆಚ್ ತೀರಿಕೊಂಡ. ಮರುವರ್ಷದ ಪ್ರವಾಸಕ್ಕೆ ಹೊರಟಾಗ ತಂಡದ ಸದಸ್ಯರಾಗಿ ಉಳಿದಿದ್ದವರು ಗಾನ್, ಗೋರ್ ಇಬ್ಬರೇ. ಫ್ಲೆಚ್‌ಗೆ ಬಲು ಇಷ್ಟವಾಗಿದ್ದ ‘ವರ್ಲ್ಡ್ ಇನ್ ಮೈ ಐಸ್’ ಹಾಡು ಶುರುವಾದಾಗ ಹಿಂದಿನ ಪರದೆಯ ತುಂಬ ಕನ್ನಡಕ ಹಾಕಿದ ಅವನ ಎಳೆಯ ಮುಖ ಮೂಡುತ್ತಿತ್ತು.