ಬಾಳೆ ಹೋಯ್ತು, ತೆಪ್ಪ ಉಳೀತು: ಜಮೈಕಾದ ಪೋರ್ಟ್‌ಲ್ಯಾಂಡ್ ಕಥೆ

ಇರೋ ದುಡ್ಡನ್ನೆಲ್ಲ ಒಂದೇ ಕಡೆ ಹಾಕಬಾರದು ಅಂತ ಬಿಕಾಂನಲ್ಲಿ ಓದಿದ್ದೆ. ಅದರ ಬಿಸಿ ಹೇಗಿರುತ್ತೆ ಅಂತ ಗೊತ್ತಾಗಿದ್ದು ಪೋರ್ಟ್‌ಲ್ಯಾಂಡ್ ಬಗ್ಗೆ ತಿಳಿದಾಗ.

ಇದು ಜಮೈಕಾ ದ್ವೀಪದ ಈಶಾನ್ಯ ಮೂಲೆಯ ಜಿಲ್ಲೆ. ಬೆನ್ನಿಗೆ ಬ್ಲೂ ಮೌಂಟನ್ಸ್, ಎದುರಿಗೆ ಸಮುದ್ರ. ಕಡಲ ಗಾಳಿಯನ್ನು ಬೆಟ್ಟ ತಡೆಯೋದರಿಂದ ಇಲ್ಲಿ ಮಳೆ ಜೋರು. ಬಾಳೆಗೆ ಇನ್ನೇನು ಬೇಕು?

1870ರ ದಶಕದಲ್ಲಿ ಅಮೆರಿಕದ ಕ್ಯಾಪ್ಟನ್ ಲೊರೆಂಜೊ ಡೌ ಬೇಕರ್ ಜಮೈಕಾದ ಬಾಳೆಯನ್ನು ತನ್ನ ದೇಶಕ್ಕೆ ಸಾಗಿಸಿ ಮಾರತೊಡಗಿದ. ಇಲ್ಲಿನ ಪೋರ್ಟ್ ಆಂಟೋನಿಯೊ ದೊಡ್ಡ ಬಾಳೆ ಬಂದರಾಯ್ತು. ಒಳನಾಡಿನ ರೈತರು ಬಿದಿರಿನ ತೆಪ್ಪದಲ್ಲಿ ಗೊನೆಗಳನ್ನಿಟ್ಟು ರಿಯೊ ಗ್ರಾಂಡೆ ನದಿಯಲ್ಲಿ ಕಡಲಿಗೆ ತರ್ತಿದ್ರು. ಹಡಗುಗಳಲ್ಲಿ ಅಮೆರಿಕದ ಪ್ರವಾಸಿಗಳೂ ಬಂದ್ರು. ಬೇಕರ್ ಅವರಿಗಾಗಿ ಹೋಟೆಲನ್ನೂ ನಡೆಸಿದ!

ಲೆಕ್ಕ ನೋಡಿ. ತೋಟ ರೈತನದ್ದಾದ್ರೂ ಹಡಗು, ಮಾರುಕಟ್ಟೆ ಎರಡೂ ಕಂಪನಿಯದ್ದು. ಹಣ್ಣಾಗೋ ಬಾಳೆಯನ್ನು ಹಿಡಿದಿಟ್ಟುಕೊಂಡು ಬೆಲೆ ಕೇಳೋಕಾಗಲ್ಲ. 1899ರಲ್ಲಿ ಬೇಕರ್ ಕಂಪನಿ ಯುನೈಟೆಡ್ ಫ್ರೂಟ್‌ನಲ್ಲಿ ಸೇರಿದ ಮೇಲೆ ಎದುರಿಗಿದ್ದ ವ್ಯಾಪಾರಿ ಇನ್ನೂ ದೊಡ್ಡವನಾದ.

ಆಮೇಲೆ ಪನಾಮಾ ಸೊರಗು ರೋಗ ಬಂತು. ಎಲ್ಲರೂ ಬೆಳೆದಿದ್ದು ಗ್ರೋ ಮಿಶೆಲ್ ಅನ್ನೋ ಒಂದೇ ತಳಿ. ಮಣ್ಣಲ್ಲಿ ಉಳಿಯೋ ಶಿಲೀಂಧ್ರಕ್ಕೆ ತೋಟದ ಮೇಲೆ ತೋಟ ಒಣಗಿದ್ವು. ಚಂಡಮಾರುತಗಳ ಹೊಡೆತ ಬೇರೆ.

ಈಗ ಅದೇ ನದಿಯ ತೆಪ್ಪಗಳಲ್ಲಿ ಕೂರೋದು ಪ್ರವಾಸಿಗಳು. ಆದಾಯ ಬಂತು ನಿಜ. ಆದ್ರೆ ಗಿರಾಕಿ ಇವತ್ತೂ ಹೊರಗಿನಿಂದಲೇ ಬರಬೇಕು.

ದೂರದ ಕಥೆ ಅನ್ಸುತ್ತಾ? ನಮ್ಮ ನಂಜನಗೂಡು ರಸಬಾಳೆಯನ್ನು ಅಳಿವಿನಂಚಿಗೆ ತಂದಿದ್ದೂ ಪನಾಮಾ ಸೊರಗು ರೋಗವೇ.